ಎರಡನೇ ಗ್ಲಾಸ್ ಬೇಡ ಅನಿಸುವಂತೆ ಮಾಡುವ ವಸ್ತು: ಎಂಇಎಐ ಬಗ್ಗೆ ಮಾತಾಡೋಣ

ಗೂಡುದೀಪ:

ಎಂಇಎಐ ಅನ್ನೋ ಹೆಸರು ಯಾರಾದ್ರೂ ಕೇಳಿದ್ದೀರಾ? ಪೂರ್ತಿ ಹೆಸರು 5-ಮೆಥಾಕ್ಸಿ-2-ಅಮಿನೊಇಂಡೇನ್. ಕುಡಿತಕ್ಕೆ ಮದ್ದು ಅಂತ ಈಗ ಪರೀಕ್ಷೆಯಲ್ಲಿರುವ ಹೊಸ ವಸ್ತುಗಳಲ್ಲಿ ನನ್ನ ಗಮನ ಹೆಚ್ಚು ಸೆಳೆದಿರುವುದು ಇದೇ. ಕನ್ನಡದಲ್ಲಿ ಇದರ ಬಗ್ಗೆ ಏನೂ ಸಿಗಲಿಲ್ಲ, ಅದಕ್ಕೇ ಬರೀತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಇದು ಹುಟ್ಟಿದ್ದು ಪಾರ್ಟಿ ಡ್ರಗ್‌ಗಳ ಲೋಕದಲ್ಲಿ. ಇದರ ಹಿಂದೆ ಇರುವವರು ಇಸ್ರೇಲಿನ ರಸಾಯನ ತಜ್ಞ ಎಜೆಕಿಯಲ್ ಗೋಲನ್. ತಗೊಂಡವರು ಹೇಳಿದ್ದು ಹೆಚ್ಚುಕಮ್ಮಿ ಒಂದೇ ಥರ. ಒಂದೆರಡು ಪೆಗ್ ಹಾಕಿದಾಗ ಬರುವಂಥ ಹಗುರ ಅಮಲು ಬರುತ್ತೆ, ಆಮೇಲೆ ಮುಂದಿನ ಗ್ಲಾಸ್ ಎದುರಿಗಿದ್ದರೂ ಕೈ ಆ ಕಡೆ ಹೋಗೋದಿಲ್ಲ. ವಾಕರಿಕೆ ಬಂದು ಬಿಡೋದಲ್ಲ, ಸುಮ್ನೆ ಬೇಡ ಅನಿಸುತ್ತೆ, ಅಷ್ಟೇ. ಕುಡಿಯೋಕೆ ಕೂತವರು ಮಿತಿ ಮೀರದಂತೆ ಕಾಯುತ್ತೆ ಅನ್ನೋ ಅರ್ಥದಲ್ಲಿ ಇದಕ್ಕೆ 'ಶಾಪರೋನ್' ಅಂತಲೂ ಹೆಸರಿಟ್ಟಿದ್ದರು.

ಇವೆಲ್ಲ ಬಾಯಿಮಾತು, ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಂತಿಲ್ಲ. 2017ರಲ್ಲಿ ಇಲಿಗಳ ಮೇಲೆ ವಿಷತ್ವದ ಪರೀಕ್ಷೆ ಮಾಡಿದ ವರದಿ ಬಂತು. 2018ರಲ್ಲಿ ಇನ್ನೊಂದು ಬಂತು. ಅದರಲ್ಲಿ ಚಿಕ್ಕ ಇಲಿಗಳಿಗೆ ಕತ್ತಲ ಹೊತ್ತಿನಲ್ಲಿ ಮದ್ಯದ ಬಾಟಲಿ ಇಟ್ಟು ಎಷ್ಟು ಕುಡಿಯುತ್ತವೆ ಅಂತ ಅಳೆದರು. ಇಲಿಗಳು ಚುರುಕಾಗಿರೋದು ಕತ್ತಲಲ್ಲೇ, ಆ ಹೊತ್ತಿಗೆ ಬಾಟಲಿ ಸಿಕ್ಕಿದರೆ ಅಮಲೇರುವಷ್ಟು ಕುಡಿಯುತ್ತವೆ. ಎಂಇಎಐ ಕೊಟ್ಟ ಇಲಿಗಳು ಕಡಿಮೆ ಕುಡಿದವು.

ಅದೇ 2018ರ ಸುಮಾರಿಗೆ 'ಪೇಸ್' ಅನ್ನೋ ಹೆಸರಲ್ಲಿ ಇದನ್ನ ಪಾನೀಯವಾಗಿ ಅಮೆರಿಕ, ಕೆನಡಾದಲ್ಲಿ ಮಾರಾಟಕ್ಕೆ ತರಲು ಒಂದು ಕಂಪನಿ ಹೊರಟಿತ್ತು. ಮನುಷ್ಯರ ಮೇಲೆ ಸರಿಯಾದ ಟ್ರಯಲ್ ಆಗುವ ಮೊದಲೇ! ನನಗೆ ಇದು ಒಂಚೂರೂ ಸರಿ ಕಾಣಲಿಲ್ಲ. ಈಗ ದಾರಿ ಬದಲಾಗಿದೆ. ಕ್ಲಿಯರ್‌ಮೈಂಡ್ ಅನ್ನೋ ಕಂಪನಿ ಸಿಎಂಎನ್‌ಡಿ-100 ಹೆಸರಿನ ಕ್ಯಾಪ್ಸೂಲ್ ಮಾಡಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಪಡೆದು, ಕುಡಿತದ ಸಮಸ್ಯೆ ಇರುವವರ ಮೇಲೇ ಮೊದಲ ಹಂತದ ಟ್ರಯಲ್ ಶುರು ಮಾಡಿದೆ. ಯೇಲ್ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳೂ ಅದರಲ್ಲಿವೆ.

ನಾನು ಹೇಳಬೇಕಾದ್ದು ಇಷ್ಟೇ. ಕುಡಿತದ ಚಿಕಿತ್ಸೆ ಅಂದರೆ ಪೂರ್ತಿ ಬಿಡಿಸೋದು ಒಂದೇ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಎಂಟು ಗ್ಲಾಸ್ ಕುಡಿಯೋ ಮನುಷ್ಯ ಎರಡಕ್ಕೆ ನಿಂತರೆ ಅದನ್ನೂ ಚಿಕಿತ್ಸೆ ಅಂತ ಎಣಿಸಬೇಕು. ಅಂಥ ಗುರಿಗೆ ಈ ವಸ್ತು ಸರಿಹೊಂದುತ್ತಾ? ನಿಮಗೆ ಏನನಿಸುತ್ತೆ?

ಹಳೇಸೈಕಲ್:

ಒಂದು ನಶೆ ಬಿಡಿಸೋಕೆ ಇನ್ನೊಂದು ನಶೆ. ಇದೇ ತಾನೇ ನೀವು ಹೇಳ್ತಿರೋದು? ಅಮಲು ಬರುತ್ತೆ ಅಂತ ನೀವೇ ಬರೆದಿದ್ದೀರಿ. ಅಮಲು ಕೊಡೋ ಯಾವ ವಸ್ತುವಿಗೂ ಜನ ಅಂಟಿಕೊಳ್ಳದೇ ಇರೋದನ್ನ ನಾನು ನೋಡಿಲ್ಲ. ನಾಳೆ ಎರಡು ಪೆಗ್ಗೂ ಬೇಕು, ಈ ಕ್ಯಾಪ್ಸೂಲೂ ಬೇಕು ಅಂತಾಗುತ್ತೆ. ನಮ್ಮ ಮನೇಲಿ ಕುಡಿತ ಏನು ಮಾಡ್ತು ಅಂತ ನನಗೆ ಗೊತ್ತು, ಅದಕ್ಕೇ ಇಷ್ಟು ಖಾರವಾಗಿ ಹೇಳ್ತಿದ್ದೇನೆ. ಪೂರ್ತಿ ಬಿಡೋದು ಬಿಟ್ಟು ಬೇರೆ ದಾರಿ ಇಲ್ಲ.

ಗೂಡುದೀಪ:

ಹಳೇಸೈಕಲ್ ಸರ್, ನಿಮ್ಮ ಭಯಕ್ಕೆ ಕಾರಣ ಇದೆ. ಅಂಟಿಕೊಳ್ಳುತ್ತಾ ಇಲ್ಲವಾ ಅನ್ನೋದನ್ನ ಟ್ರಯಲ್‌ನಲ್ಲೇ ನೋಡಬೇಕು, ನಾನು ಇಲ್ಲಿ ಕೂತು ಭರವಸೆ ಕೊಡೋಕಾಗಲ್ಲ.

ಆದರೆ 'ಬೇರೆ ದಾರಿ ಇಲ್ಲ' ಅನ್ನೋದನ್ನ ಒಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಮದ್ಯದಿಂದ ಸತ್ತವರು 26 ಲಕ್ಷ ಜನ. ಅಷ್ಟೂ ಜನರಿಗೆ ಪೂರ್ತಿ ಬಿಡಿ ಅಂತ ಹೇಳಿದವರು ಯಾರಾದ್ರೂ ಇದ್ದೇ ಇರ್ತಾರೆ. ಹೇಳಿದ್ದು ಸಾಕಾಗಲಿಲ್ಲ. ಎಷ್ಟೋ ಜನ ಡಾಕ್ಟರ್ ಹತ್ತಿರ ಹೋಗದೇ ಇರೋದಕ್ಕೆ ಕಾರಣವೇ 'ಹೋದರೆ ಪೂರ್ತಿ ಬಿಡು ಅಂತಾರೆ' ಅನ್ನೋ ಹೆದರಿಕೆ. ಕಡಿಮೆ ಮಾಡೋಣ ಬನ್ನಿ ಅಂದರೆ ಬರೋರು ಇದ್ದಾರೆ. ಹಾಗೆ ಬಂದವರಲ್ಲಿ ಕೆಲವರು ಆಮೇಲೆ ಪೂರ್ತಿಯೂ ಬಿಡ್ತಾರೆ.

ಇದನ್ನ ನಾನೊಬ್ಬನೇ ಹೇಳ್ತಿರೋದೂ ಅಲ್ಲ. ಯುರೋಪಿನಲ್ಲಿ 2013ರಲ್ಲಿ ನಾಲ್ಮೆಫೀನ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದೇ ಕುಡಿತ ಕಡಿಮೆ ಮಾಡಲು ಅಂತ. ದಿನಾ ನುಂಗೋ ಮಾತ್ರೆಯಲ್ಲ. ಇವತ್ತು ಕುಡೀತೀನೇನೋ ಅನಿಸಿದ ದಿನ ಮಾತ್ರ ತಗೊಳ್ಳೋದು.

ಕಪ್ಪುಹಲಗೆ:

ನಾನು ಔಷಧಶಾಸ್ತ್ರ ಪಾಠ ಮಾಡುವವನು. ಹಳೇಸೈಕಲ್ ಕೇಳಿದ ಪ್ರಶ್ನೆಗೆ ಮಿದುಳಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಮದ್ಯ ಮಿದುಳಿನಲ್ಲಿ ಒಂದೇ ಕಡೆ ಕೆಲಸ ಮಾಡೋದಿಲ್ಲ. ಗಾಬಾ ಅನ್ನೋ ಶಾಂತಗೊಳಿಸುವ ವ್ಯವಸ್ಥೆಯನ್ನ ಜಾಸ್ತಿ ಮಾಡುತ್ತೆ. ಗ್ಲುಟಮೇಟ್ ಅನ್ನೋ ಕೆರಳಿಸುವ ವ್ಯವಸ್ಥೆಯನ್ನ ಕಡಿಮೆ ಮಾಡುತ್ತೆ. ಮೈಯೊಳಗೇ ತಯಾರಾಗುವ ಅಫೀಮಿನಂಥ ಓಪಿಯಾಯ್ಡ್‌ಗಳು, ಡೋಪಮೈನ್ ಅನ್ನೋ ಮಿದುಳಿನ ರಾಸಾಯನಿಕ ಇವೂ ಸೇರಿ ಸುಖ ಕೊಡುತ್ತವೆ. ಎಂಇಎಐ ಈ ಬಾಗಿಲಿನಿಂದ ಒಳಗೆ ಹೋಗೋದಿಲ್ಲ. ಅದು ಅಮಿನೊಇಂಡೇನ್ ಗುಂಪಿನದು, ಮುಖ್ಯವಾಗಿ ಸೆರೊಟೋನಿನ್ ಅನ್ನೋ ಇನ್ನೊಂದು ಮಿದುಳಿನ ರಾಸಾಯನಿಕ ಬಿಡುಗಡೆ ಮಾಡಿಸುತ್ತೆ. ಆಂಫೆಟಮಿನ್‌ ಥರದ ಉತ್ತೇಜಕ ಡ್ರಗ್‌ಗಳಲ್ಲಿ ಚಟ ಹತ್ತಿಸೋದು ಹೆಚ್ಚಾಗಿ ಡೋಪಮೈನ್ ಕಡೆಯ ಕೆಲಸ. ಸೆರೊಟೋನಿನ್ ಕಡೆ ವಾಲಿದ ವಸ್ತುಗಳಿಗೆ ಆ ಎಳೆತ ಸಾಮಾನ್ಯವಾಗಿ ಕಡಿಮೆ. ಹಾಗಾಗಿ 'ನಶೆಗೆ ನಶೆ' ಅಂತ ಒಂದೇ ಮಾತಲ್ಲಿ ತಳ್ಳಿಹಾಕೋದು ಸರಿಯಲ್ಲ.

ಈಗ ನನ್ನ ಚಿಂತೆ ಕೇಳಿ. ಎರಡು ವಿಷಯ.

ಮೊದಲನೆಯದು ಹೃದಯ. ಸೆರೊಟೋನಿನ್ ಸುತ್ತ ಕೆಲಸ ಮಾಡುವ ಯಾವ ಔಷಧಿ ಬಂದರೂ ನಮ್ಮಂಥವರಿಗೆ ಮೊದಲು ನೆನಪಾಗೋದು ಫೆನ್‌ಫ್ಲುರಮೀನ್. ತೂಕ ಇಳಿಸೋಕೆ ಅಂತ ಲಕ್ಷಾಂತರ ಜನ ನುಂಗಿದ ಮಾತ್ರೆ. ಕೆಲವರ ಹೃದಯದ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚದಂತಾಯಿತು, 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. ಆ ಹಾನಿ 5-ಎಚ್‌ಟಿ2ಬಿ ಅನ್ನೋ ಗ್ರಾಹಕವನ್ನ, ಅಂದರೆ ಜೀವಕೋಶದ ಮೇಲೆ ಸೆರೊಟೋನಿನ್ ಬಂದು ಕೂರುವ ಜಾಗವನ್ನ, ತಿಂಗಳುಗಟ್ಟಲೆ ಕೆಣಕಿದ್ದರಿಂದ ಆದದ್ದು. ಎಂಇಎಐ ಹಾಗೇ ಮಾಡುತ್ತೆ ಅಂತ ಹೇಳ್ತಿಲ್ಲ. ಆದರೆ ಕುಡಿತದ ಚಿಕಿತ್ಸೆ ಅಂದರೆ ವಾರ ಎರಡು ವಾರದ ಮಾತಲ್ಲ. ವರ್ಷಗಟ್ಟಲೆ ತಗೊಂಡರೆ ಕವಾಟ ಏನಾಗುತ್ತೆ ಅಂತ ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡಲೇಬೇಕು.

ಎರಡನೆಯದು ಇನ್ನೂ ಹತ್ತಿರದ್ದು. ಜಾಸ್ತಿ ಕುಡಿಯುವವರಲ್ಲಿ ಖಿನ್ನತೆಯ ಮಾತ್ರೆ ತಗೊಳ್ಳೋರು ತುಂಬಾ ಜನ ಇರ್ತಾರೆ. ಆ ಮಾತ್ರೆಗಳೂ ಹೆಚ್ಚಿನವು ಸೆರೊಟೋನಿನ್ ಮೇಲೇ ಕೆಲಸ ಮಾಡೋದು. ಎರಡೂ ಸೇರಿದರೆ ಮೈ ಬಿಸಿಯೇರಿ, ಬೆವರು ಸುರಿದು, ಸ್ನಾಯು ಬಿಗಿದು, ಎದೆ ಹೊಡೆದುಕೊಂಡು, ಕೆಲವೊಮ್ಮೆ ಜೀವಕ್ಕೇ ಕುತ್ತು ಬರಬಹುದು. ಸೆರೊಟೋನಿನ್ ಸಿಂಡ್ರೋಮ್ ಅಂತಾರೆ ಅದಕ್ಕೆ. ಯಾರಿಗೆ ಈ ಔಷಧಿ ಜಾಸ್ತಿ ಬೇಕೋ ಅವರಿಗೇ ಇದು ಜಾಸ್ತಿ ಅಪಾಯ ಆಗಬಹುದು. ಇದಕ್ಕೆ ಉತ್ತರ ಸಿಗೋವರೆಗೆ ನನಗೆ ಸಮಾಧಾನ ಇಲ್ಲ.

ಮಳೆಬಿಲ್ಲು:

ಗೂಡುದೀಪ ಅವರೇ, ಇದು ಪುಡಿ ರೂಪದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತೆ ಅಂತ ಒಬ್ಬರು ಹೇಳಿದರು. ನನ್ನ ಗಂಡ ದಿನಾ ಕುಡೀತಾರೆ. ಬೆಳಗ್ಗೆ ಎದ್ದರೆ ಕೈ ನಡುಗುತ್ತೆ, ಶರ್ಟಿನ ಗುಂಡಿ ನಾನೇ ಹಾಕಿಕೊಡಬೇಕು. ಒಂದು ಹಾಕಿದ ಮೇಲೆ ನಡುಕ ನಿಲ್ಲುತ್ತೆ. ಬೈದು ನೋಡಿದ್ದೀನಿ, ಅತ್ತು ನೋಡಿದ್ದೀನಿ, ದೇವರಿಗೆ ಹರಕೆಯೂ ಆಯ್ತು. ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಬಹುದಾ? ದಯವಿಟ್ಟು ಯಾರಾದ್ರೂ ಹೇಳಿ.

ಕಪ್ಪುಹಲಗೆ:

ಬೇಡ ತಾಯಿ. ಖಂಡಿತ ಬೇಡ.

ಆನ್‌ಲೈನ್ ಪುಡಿಯಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರೋದಿಲ್ಲ. 2010ರಲ್ಲಿ ಬ್ರಿಟನ್ನಿನಲ್ಲಿ ಮೆಫೆಡ್ರೋನ್ ಅನ್ನೋ ಪಾರ್ಟಿ ಡ್ರಗ್ ನಿಷೇಧ ಆದ ಮೇಲೆ ಇದೇ ಗುಂಪಿನ ಎಂಡಿಎಐ ಹೆಸರಲ್ಲಿ ಪೊಟ್ಟಣಗಳು ಮಾರಾಟಕ್ಕೆ ಬಂದವು. ಆ ಕಾಲದ ಪೊಟ್ಟಣಗಳನ್ನ ಲ್ಯಾಬಿನಲ್ಲಿ ನೋಡಿದಾಗ ಚೀಟಿಯಲ್ಲಿ ಬರೆದದ್ದು ಒಂದು, ಒಳಗಿದ್ದದ್ದು ಇನ್ನೊಂದು ಅಂತ ಮತ್ತೆ ಮತ್ತೆ ಕಂಡಿತ್ತು.

ಗೊತ್ತಿಲ್ಲದ ಹಾಗೆ ಬೆರೆಸಿ ಕೊಡೋದಂತೂ ಯಾವ ಔಷಧಿಯಲ್ಲೂ ಮಾಡಬಾರದು. ಡೈಸಲ್ಫಿರಾಮ್ ಅನ್ನೋ ಹಳೇ ಮಾತ್ರೆಯನ್ನ ಹೀಗೆ ಕದ್ದು ಬೆರೆಸಿ ಕೊಡೋರು ಇದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ. ಅದು ಮದ್ಯ ಮೈಯಲ್ಲಿ ಪೂರ್ತಿ ಕರಗೋದನ್ನ ಅರ್ಧದಲ್ಲೇ ತಡೆಯುತ್ತೆ. ಅಸಿಟಾಲ್ಡಿಹೈಡ್ ಅನ್ನೋ ವಿಷ ರಕ್ತದಲ್ಲಿ ತುಂಬಿಕೊಳ್ಳುತ್ತೆ. ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಗೊತ್ತಿದ್ದು ತಗೊಂಡವನು ಹೆದರಿ ಕುಡಿಯೋದಿಲ್ಲ, ಅದೇ ಅದರ ಚಿಕಿತ್ಸೆ. ಗೊತ್ತಿಲ್ಲದವನು ಎಂದಿನಂತೆ ಕುಡಿದು ಬಿಡ್ತಾನೆ. ಹೃದಯ ದುರ್ಬಲ ಇದ್ದರೆ ಪ್ರಾಣವೇ ಹೋಗಬಹುದು.

ನೀವು ಬೆಳಗಿನ ನಡುಕದ ಬಗ್ಗೆ ಬರೆದದ್ದು ಮುಖ್ಯವಾದ ವಿಷಯ. ಅದರ ಬಗ್ಗೆ ಕೆಳಗೆ ಬರೆಯುತ್ತೇನೆ, ಈಗ ಕ್ಲಾಸಿಗೆ ಹೊರಟಿದ್ದೇನೆ. ಅಷ್ಟರೊಳಗೆ ಅವರ ಕುಡಿತ ಒಮ್ಮೆಲೇ ನಿಲ್ಲಿಸೋಕೆ ಹೋಗಬೇಡಿ.

ನಡುಹಗಲು:

ಕುಡಿಯುವವನಾಗಿ ನಾನೂ ಒಂದು ಮಾತು ಹೇಳ್ತೀನಿ. ನಾನು ಕುಡಿಯೋ ಆಸೆ ಇಳಿಸೋ ನಾಲ್ಟ್ರೆಕ್ಸೋನ್ ಅನ್ನೋ ಮಾತ್ರೆ ತಗೊಳ್ತಿದ್ದೇನೆ, 50 ಮಿಲಿಗ್ರಾಂ, ಡಾಕ್ಟರ್ ಬರೆದುಕೊಟ್ಟದ್ದು. ಗೂಡುದೀಪ ಬರೆದಿದ್ದಾರಲ್ಲ, 'ಸುಮ್ನೆ ಬೇಡ ಅನಿಸುತ್ತೆ' ಅಂತ, ಅದು ಓದಿದಾಗ ನನ್ನದೇ ಅನುಭವ ಅನಿಸಿತು.

ಮೊದಲೆಲ್ಲ ಮೊದಲನೇ ಗುಟುಕು ಗಂಟಲಲ್ಲಿ ಇಳಿಯೋ ಮುಂಚೆಯೇ ಎರಡನೇ ಗ್ಲಾಸಿನ ಯೋಚನೆ ಬರ್ತಿತ್ತು. ಬಾಟಲಿಯಲ್ಲಿ ಎಷ್ಟು ಉಳಿದಿದೆ, ಪಕ್ಕದವನು ಎಷ್ಟು ಸುರ್ಕೊಂಡ, ಅಂಗಡಿ ಎಷ್ಟೊತ್ತಿಗೆ ಬಾಗಿಲು ಹಾಕುತ್ತೆ, ಇದೇ ಲೆಕ್ಕ. ಜೊತೆಯಲ್ಲಿ ಕೂತವರ ಮಾತು ಅರ್ಧ ಕಿವಿಗೇ ಬೀಳ್ತಿರಲಿಲ್ಲ. ಈಗ ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ಕುಡಿದರೆ ರುಚಿ ಅದೇ, ತಲೆ ಹಗುರ ಆಗೋದೂ ಅದೇ, ಆದರೆ ಆ ಲೆಕ್ಕ ಇಲ್ಲ. ಗ್ಲಾಸಿನಲ್ಲಿ ಅರ್ಧ ಉಳಿದಿದ್ದು ಮರೆತೇ ಹೋಗಿರುತ್ತೆ. ಐಸ್ ಕರಗಿ ನೀರಾಗಿರುತ್ತೆ. ಕುಡಿಯದೇ ಇರೋರಿಗೆ ಇದು ಏನು ಮಹಾ ಅನಿಸಬಹುದು. ನನಗೆ ಇದು ದೊಡ್ಡದು.

ಎಲ್ಲರಿಗೂ ಹೀಗೇ ಆಗುತ್ತೆ ಅಂತಿಲ್ಲ. ನನ್ನ ಜೊತೆ ಶುರು ಮಾಡಿದ ಒಬ್ಬರಿಗೆ ಬರೀ ಹೊಟ್ಟೆ ತೊಳೆಸಿದಂತಾಗಿ ಬಿಟ್ಟುಬಿಟ್ಟರು. ನನಗೆ ಬೇಜಾರಾಗೋದು ಬೇರೆಯದಕ್ಕೆ. ಇಂಥ ಮಾತ್ರೆ ಇದೆ ಅಂತ ನನಗೆ ವರ್ಷಗಟ್ಟಲೆ ಯಾರೂ ಹೇಳಲೇ ಇಲ್ಲ. ಲಿವರ್ ಊದಿಕೊಂಡಿದೆ ಅಂತ ಸ್ಕ್ಯಾನ್ ನೋಡಿದ ಡಾಕ್ಟರ್ ಕೂಡ 'ಕುಡಿಯೋದು ಬಿಡ್ರಿ' ಅಂತ ಹೇಳಿ ಮುಂದಿನ ಪೇಷಂಟನ್ನ ಕರೆದರು.

ಗೂಡುದೀಪ:

ನಡುಹಗಲು, ಇದನ್ನ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಬೇಜಾರು ನನ್ನದೂ ಹೌದು. ನಾಲ್ಟ್ರೆಕ್ಸೋನ್‌ಗೆ ಕುಡಿತದ ಚಿಕಿತ್ಸೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಅಕಾಂಪ್ರೊಸೇಟ್ ಅನ್ನೋ ಇನ್ನೊಂದು ಮಾತ್ರೆಗೆ 2004ರಲ್ಲಿ. ಡೈಸಲ್ಫಿರಾಮ್ ಅಂತೂ 1951ರಿಂದ ಇದೆ. ಇಷ್ಟೆಲ್ಲ ಇದ್ದೂ ಅಮೆರಿಕದಂಥ ದೇಶದಲ್ಲೇ ಕುಡಿತದ ಸಮಸ್ಯೆ ಇರುವ 100 ಜನರಲ್ಲಿ ಸುಮಾರು 2 ಜನರಿಗೆ ಮಾತ್ರ ಔಷಧಿ ಸಿಗ್ತಿದೆ. ಹೊಸದು ಬಂದರೂ ಅದನ್ನ ಬರೆದುಕೊಡೋರೇ ಇಲ್ಲದಿದ್ದರೆ ಏನು ಪ್ರಯೋಜನ? ಇದನ್ನ ನಾನು ಮೊದಲ ಪೋಸ್ಟಿನಲ್ಲೇ ಬರೆಯಬೇಕು ಅಂತಿದ್ದೆ, ಉದ್ದ ಆಗುತ್ತೆ ಅಂತ ಇಲ್ಲಿಗೆ ಇಟ್ಟುಕೊಂಡೆ.

ಕುಡಿದಾಗ ಮಿತಿ ಮೀರುವವರ ಮೇಲೆ ಒಂದು ಟ್ರಯಲ್ 2022ರಲ್ಲಿ ಪ್ರಕಟ ಆಯ್ತು. 120 ಗಂಡಸರು, 12 ವಾರ. ಕುಡಿಯೋ ಆಸೆ ಬಂದಾಗ ಅಥವಾ ಜಾಸ್ತಿ ಕುಡೀತೀನಿ ಅನಿಸಿದಾಗ ನಾಲ್ಟ್ರೆಕ್ಸೋನ್ ನುಂಗಿ ಅಂದರು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರಿಗಿಂತ ಇವರ ಮಿತಿಮೀರಿದ ಕುಡಿತ ಕಡಿಮೆಯಾಯಿತು. ಎಂಇಎಐ ಕನಸು ಕಾಣ್ತಿರೋದೂ ಹೆಚ್ಚುಕಮ್ಮಿ ಇದನ್ನೇ. ಹಾಗಾಗಿ ಅದನ್ನ ಬರೀ ಸುಳ್ಳು ಮಾತ್ರೆಗೆ ಹೋಲಿಸಿದರೆ ನನಗೆ ಸಾಲದು. ನಾಲ್ಟ್ರೆಕ್ಸೋನ್ ಪಕ್ಕ ನಿಲ್ಲಿಸಿ ನೋಡಬೇಕು.

ಹಳೇಸೈಕಲ್:

ಸರಿ, ಕಡಿಮೆ ಮಾಡೋದೂ ಒಂದು ದಾರಿ ಅಂತ ಇಟ್ಟುಕೊಳ್ಳೋಣ. ನಡುಹಗಲು ಅವರ ಮಾತು ಓದಿ ನಾನೂ ಸ್ವಲ್ಪ ಯೋಚನೆ ಮಾಡಿದೆ. ಆದರೆ ಅವರ ಮಾತ್ರೆಯಲ್ಲಿ ಅಮಲು ಇಲ್ಲ, ಅಲ್ವಾ? ನಿಮ್ಮ ಎಂಇಎಐನಲ್ಲಿ ಇದೆ. ನನ್ನ ಪ್ರಶ್ನೆ ಅಲ್ಲೇ ನಿಂತಿದೆ. ಮಿದುಳನ್ನ ಅಲ್ಲಾಡಿಸುವ ವಸ್ತು ಕೊಟ್ಟು ಕುಡಿತ ಕಡಿಮೆ ಮಾಡಿದ ಉದಾಹರಣೆ ಒಂದಾದ್ರೂ ಇದೆಯಾ? ಇಲಿ ಬಿಡಿ, ಮನುಷ್ಯರದ್ದು ಹೇಳಿ.

ಕಪ್ಪುಹಲಗೆ:

ಇದೆ. 1950ರ ದಶಕದಲ್ಲೇ ಕೆನಡಾದ ಸಸ್ಕಾಚೆವಾನ್‌ನಲ್ಲಿ ಹಂಫ್ರಿ ಆಸ್ಮಂಡ್, ಏಬ್ರಮ್ ಹಾಫರ್ ಅನ್ನೋ ಮನೋವೈದ್ಯರು ಕುಡುಕರಿಗೆ ಇಲ್ಲದ್ದು ಕಾಣಿಸುವಂತೆ ಮಾಡುವ ಎಲ್‌ಎಸ್‌ಡಿ ಅನ್ನೋ ಡ್ರಗ್ ಕೊಟ್ಟು ಚಿಕಿತ್ಸೆ ಮಾಡ್ತಿದ್ದರು. ಆ ಕಾಲದ ಹಳೇ ಟ್ರಯಲ್‌ಗಳಲ್ಲಿ ಸರಿಯಾಗಿ ನಡೆದ ಆರನ್ನ ಒಟ್ಟುಗೂಡಿಸಿ 2012ರಲ್ಲಿ ಮತ್ತೆ ಲೆಕ್ಕ ಹಾಕಿದರು. ಒಟ್ಟು 536 ಜನ. ಎಲ್‌ಎಸ್‌ಡಿ ತಗೊಂಡವರಲ್ಲಿ ಶೇ. 59 ಮಂದಿಗೆ ಸುಧಾರಣೆ, ಉಳಿದವರಲ್ಲಿ ಶೇ. 38. ಬಹುಪಾಲು ಒಂದೇ ಒಂದು ಡೋಸಿನಿಂದ.

ಇತ್ತೀಚಿನದು ಸೈಲೋಸಿಬಿನ್. ಕೆಲವು ಜಾತಿಯ ಅಣಬೆಗಳಲ್ಲಿರುವ, ಅದೇ ಥರ ಇಲ್ಲದ್ದು ಕಾಣಿಸುವ ವಸ್ತು. 2022ರಲ್ಲಿ ಮೈಕಲ್ ಬೋಗೆನ್‌ಶುಟ್ಜ್ ತಂಡದ ಟ್ರಯಲ್ ಬಂತು. 93 ಜನರಿಗೆ 12 ವಾರ ಮಾತಿನ ಚಿಕಿತ್ಸೆ, ನಡುವೆ ಎರಡು ದಿನ ಮಾತ್ರ ಔಷಧಿ. ಅರ್ಧದಷ್ಟು ಜನರಿಗೆ ಸೈಲೋಸಿಬಿನ್, ಉಳಿದವರಿಗೆ ಡೈಫೆನ್‌ಹೈಡ್ರಮಿನ್, ಅಂದರೆ ಅಲರ್ಜಿಗೆ ಕೊಡುವ ನಿದ್ದೆ ಬರಿಸೋ ಮಾತ್ರೆ. ಮುಂದಿನ 32 ವಾರಗಳಲ್ಲಿ ಜಾಸ್ತಿ ಕುಡಿದ ದಿನಗಳು ಸೈಲೋಸಿಬಿನ್ ಗುಂಪಿನಲ್ಲಿ ಶೇ. 9.7, ಇನ್ನೊಂದರಲ್ಲಿ ಶೇ. 23.6. ಗಮನಿಸಿ, ಮಾತಿನ ಚಿಕಿತ್ಸೆ ಸಿಕ್ಕಿದ್ದರಿಂದ ಎರಡನೇ ಗುಂಪಿನವರೂ ಮೊದಲಿಗಿಂತ ತುಂಬಾ ಕಡಿಮೆ ಕುಡಿದರು.

ಆದರೆ ನಿಮ್ಮ ಅನುಮಾನಕ್ಕೆ ಬಲ ಕೊಡುವ ಒಂದು ವಿಷಯವೂ ಇಲ್ಲೇ ಇದೆ. ತಮಗೆ ಯಾವ ಮಾತ್ರೆ ಕೊಟ್ಟರು ಅಂತ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನ ಸರಿಯಾಗಿ ಊಹಿಸಿದರು. ಗೋಡೆ ಅಲುಗಾಡಿದಂತೆ ಕಂಡವನಿಗೆ ಅಲರ್ಜಿ ಮಾತ್ರೆ ಕೊಟ್ಟರು ಅಂತ ನಂಬಿಸೋಕಾಗುತ್ತಾ? ನಿಜವಾದ ಔಷಧಿ ಸಿಕ್ಕಿತು ಅನ್ನೋ ಭರವಸೆಯೇ ಎಷ್ಟು ಕೆಲಸ ಮಾಡ್ತು, ಔಷಧಿ ಎಷ್ಟು ಮಾಡ್ತು ಅಂತ ಬೇರೆ ಮಾಡೋದು ಕಷ್ಟ. ಎಂಇಎಐನಲ್ಲೂ ಇದೇ ತೊಡಕು ಬರುತ್ತೆ. ಅಮಲು ಬಂದರೆ ಗೊತ್ತಾಗಿಬಿಡುತ್ತೆ. ಅಮಲು ಬರದಷ್ಟು ಸಣ್ಣ ಡೋಸಿನಲ್ಲೂ ಕುಡಿಯೋ ಆಸೆ ಇಳಿಯುತ್ತೆ ಅಂತ ತೋರಿಸಿದರೆ ನಿಮ್ಮ ಪ್ರಶ್ನೆ, ನನ್ನ ಪ್ರಶ್ನೆ ಎರಡಕ್ಕೂ ಉತ್ತರ ಸಿಕ್ಕಂತೆ. ಆ ಟ್ರಯಲ್‌ನಲ್ಲಿ ನಾನು ಮೊದಲು ಹುಡುಕೋದು ಅದನ್ನೇ.

ಗೂಡುದೀಪ:

ಇದು ಒಳ್ಳೇ ಪಾಯಿಂಟ್. ಅಮಲಿಲ್ಲದೇ ಆಸೆ ಇಳಿಸುವ ವಸ್ತುಗಳು ಬರ್ತಾ ಇವೆ ಕೂಡ. ಸೆಮಗ್ಲುಟೈಡ್ ಗೊತ್ತಲ್ಲ, ಸಕ್ಕರೆ ಕಾಯಿಲೆಗೆ, ತೂಕಕ್ಕೆ ಕೊಡುವ ವಾರದ ಇಂಜೆಕ್ಷನ್. 2025ರಲ್ಲಿ 48 ಜನರ ಮೇಲೆ 9 ವಾರದ ಟ್ರಯಲ್ ಬಂತು. ಕುಡಿದ ದಿನಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಕುಡಿದ ದಿನ ಎಷ್ಟು ಕುಡಿದರು ಅನ್ನೋದು ಕಡಿಮೆಯಾಯಿತು, ಆಸೆಯೂ ಇಳಿಯಿತು. ಸಣ್ಣ ಟ್ರಯಲ್, ಹಾಗಾಗಿ ಕುಣಿದಾಡೋದು ಬೇಡ. ಆದರೆ 'ಬಿಟ್ಟನಾ ಇಲ್ಲವಾ' ಅಂತ ಒಂದೇ ಪ್ರಶ್ನೆ ಕೇಳಿದ್ದರೆ ಈ ಫಲಿತಾಂಶ ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

ಮಳೆಬಿಲ್ಲು:

ನೀವೆಲ್ಲ ಹೇಳೋದು ಪೂರ್ತಿ ಅರ್ಥ ಆಗಲಿಲ್ಲ. ಆದರೆ ಪುಡಿ ತರಿಸೋದಿಲ್ಲ, ಊಟದಲ್ಲಿ ಏನೂ ಬೆರೆಸೋದಿಲ್ಲ. ನಡುಕದ ಬಗ್ಗೆ ಹೇಳ್ತೀನಿ ಅಂದಿದ್ರಿ. ಇವತ್ತು ಅವರು ತಾವಾಗಿಯೇ ನಾಳೆಯಿಂದ ಮುಟ್ಟಲ್ಲ ಅಂದಿದ್ದಾರೆ. ಖುಷಿಪಡಲಾ, ಹೆದರಲಾ?

ಕಪ್ಪುಹಲಗೆ:

ಅವರ ಮನಸ್ಸು ಬದಲಾದದ್ದಕ್ಕೆ ಖುಷಿಪಡಿ. ಆದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸೋದು ಬೇಡ. ನಾಳೆ ಬೆಳಗ್ಗೆಯೇ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ.

ಯಾಕೆ ಅಂದರೆ, ದಿನಾ ಕುಡಿದು ಕುಡಿದು ಮಿದುಳು ಮದ್ಯಕ್ಕೆ ಹೊಂದಿಕೊಂಡಿರುತ್ತೆ. ಶಾಂತಗೊಳಿಸೋ ವ್ಯವಸ್ಥೆ ಸೋತಿರುತ್ತೆ, ಕೆರಳಿಸೋ ವ್ಯವಸ್ಥೆ ಬಲವಾಗಿರುತ್ತೆ. ಮದ್ಯ ಹಠಾತ್ತನೆ ನಿಂತರೆ ತಡೆಯೋರಿಲ್ಲದೆ ಮಿದುಳು ಕೆರಳುತ್ತೆ. ಬೆಳಗಿನ ನಡುಕ ಅದರದೇ ಶುರು. ನಿಲ್ಲಿಸಿದ 6 ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಮೈ ಸುಡುವ ಜ್ವರ, ಬೆವರು, ಗೊಂದಲ, ಇಲ್ಲದ್ದು ಕಾಣಿಸೋದು ಶುರುವಾಗುತ್ತೆ. ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಆಸ್ಪತ್ರೆಯಲ್ಲಿ ಇದನ್ನ ತಡೆಯೋಕೆ ಕೆಲವು ದಿನ ಬೆಂಜೊಡಯಾಜೆಪೀನ್ ಗುಂಪಿನ ಔಷಧಿ ಕೊಟ್ಟು ನಿಧಾನವಾಗಿ ಇಳಿಸ್ತಾರೆ. ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡ್ತಾರೆ, ಅದು ಕಮ್ಮಿಯಾದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳುತ್ತೆ. ಎಂಇಎಐ ಇರಲಿ, ನಾಲ್ಟ್ರೆಕ್ಸೋನ್ ಇರಲಿ, ಈ ಹಂತಕ್ಕೆ ಅವು ಮದ್ದಲ್ಲ. ಇದು ದಾಟಿದ ಮೇಲಿನ ಮಾತು ಅವು.

ಡಾಕ್ಟರ್ ಹತ್ತಿರ ದಿನಕ್ಕೆ ಎಷ್ಟು ಕುಡೀತಾರೆ, ಕೊನೇ ಸಲ ಯಾವಾಗ ಕುಡಿದರು, ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ತಗೊಳ್ತಿದ್ದಾರೆ, ಇಷ್ಟನ್ನ ಮುಚ್ಚಿಡದೆ ಹೇಳಿ. ನೋವಿಗೆ ಅಂತ ಟ್ರಮಡಾಲ್ ಥರದ ಮಾತ್ರೆ ನುಂಗ್ತಿದ್ದರೆ ಅದನ್ನಂತೂ ಹೇಳಲೇಬೇಕು. ಅದರ ಮೇಲೆ ನಾಲ್ಟ್ರೆಕ್ಸೋನ್ ಕೊಡೋ ಹಾಗಿಲ್ಲ.

ನಡುಹಗಲು:

ಅಕ್ಕಾ, ನಿಮ್ಮ ಯಜಮಾನರಿಗೆ ಇನ್ನೊಂದು ಹೇಳಿ. ಲಿವರ್ ಟೆಸ್ಟ್ ಮಾಡಿಸ್ತಾರೆ, ಅದಕ್ಕೆ ಹೆದರಿ ಹಿಂದೆ ಸರಿಯೋದು ಬೇಡ. ನನಗೆ ಆ ರಿಪೋರ್ಟ್ ನೋಡಿಯೇ ಯಾವ ಮಾತ್ರೆ ಅಂತ ತೀರ್ಮಾನ ಮಾಡಿದ್ದು. ಲಿವರ್ ತುಂಬಾ ಹಾಳಾಗಿದ್ದರೆ ಅಕಾಂಪ್ರೊಸೇಟ್ ಕೊಡ್ತಾರಂತೆ, ಅದು ಕಿಡ್ನಿ ಮೂಲಕ ಹೊರಗೆ ಹೋಗುತ್ತೆ ಅಂದರು. ಅವರಿಗೆ ಒಪ್ಪಿಗೆಯಿದ್ದರೆ ನನಗೆ ಮೆಸೇಜ್ ಮಾಡಲಿ, ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ.

ಮಳೆಬಿಲ್ಲು:

ಆಯ್ತು ತಮ್ಮ. ಬೆಳಗ್ಗೆ ಹೋಗ್ತೀವಿ. ಟ್ರಮಡಾಲ್ ಅಂದ್ರಲ್ಲ, ಬೆನ್ನು ನೋವಿಗೆ ಅಂತ ಏನೋ ನುಂಗ್ತಾರೆ, ಹೆಸರು ನೋಡಿರಲಿಲ್ಲ. ಸ್ಟ್ರಿಪ್ ಬ್ಯಾಗಿಗೆ ಹಾಕಿಕೊಂಡೆ.